ಸಂಬಂಧಿಕರಲ್ಲದ ಮಾಸ್ತರು

ಲಲಿತಾಳ ಎಂ.ಎ. ಅರ್ಜಿಯ ಜೊತೆ, ಪಾಠ ಕಲಿಸಿದವರೊಬ್ಬರ ಶಿಫಾರಸು ಪತ್ರ ಬೇಕಿತ್ತು. ಸಂಬಂಧಿಕರ ಪತ್ರ ನಡೆಯುವುದಿಲ್ಲ ಎಂದು ಕೆಳಗೆ ಬರೆದಿದ್ದರು. ಯಲಬುರ್ಗಾದ ಕಾಲೇಜಿನಲ್ಲಿ ಅವಳಿಗೆ ಮೂರು ವರ್ಷ ಇತಿಹಾಸ ಕಲಿಸಿದ್ದು ಗುರುಬಸವ ಸರ್. ಬಿ.ಎ. ಮುಗಿದ ತಿಂಗಳಲ್ಲೇ ಅವರ ಮನೆಯವರು ಹೆಣ್ಣು ಕೇಳಲು ಬಂದರು. ಈಗ ಇಪ್ಪತ್ತು ವರ್ಷದಿಂದ ಅವರು ಅವಳ ಗಂಡ. ಅವಳು ಇನ್ನೂ ಸರ್ ಎಂದೇ ಕರೆಯುತ್ತಾಳೆ.

ಸರ್ ಈ ನಿಯಮ ಒಪ್ಪಲಿಲ್ಲ.

"ನಾ ಮೊದಲು ಮಾಸ್ತರ, ಆಮ್ಯಾಲ ಗಂಡ," ಎಂದರು. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಬರೆದೇಬಿಟ್ಟರು: ಲಲಿತಾ ವಿನಯವಂತೆ, ಸಮಯಕ್ಕೆ ಸರಿಯಾಗಿ ಬರುವವಳು, ಮೂರು ವರ್ಷದಲ್ಲಿ ಒಮ್ಮೆಯೂ ಎದುರು ಮಾತಾಡಿದವಳಲ್ಲ.

ಇದನ್ನು ಓದಿದವರು ತನಗೆ ಸೀಟು ಕೊಡಲಾರರು ಅನಿಸಿತು ಲಲಿತಾಳಿಗೆ. ಬರೆದದ್ದು ಸುಳ್ಳೂ ಆಗಿರಲಿಲ್ಲ.

ಮರುದಿನ ಗಂಗಾವತಿ ಬಸ್ಸು ಹತ್ತಿದಳು. ಅರ್ಥಶಾಸ್ತ್ರ ಕಲಿಸಿದ್ದ ಮಕ್ಬುಲಸಾಬ ಸರ್ ನಿವೃತ್ತರಾಗಿ ಅಲ್ಲಿದ್ದರು. ಬಾಗಿಲಲ್ಲಿ ಅವರಿಗೆ ಅವಳ ಗುರುತೇ ಹತ್ತಲಿಲ್ಲ. ಚಹಾ ಅರ್ಧ ಆದ ಮೇಲೆ ಕಪ್ಪು ಕೆಳಗಿಟ್ಟರು.

"ನೀ ಆ ಜಗಳಗಂಟಿ ಅಲ್ಲೇನವಾ? ಮನ್ಯಾಗ ಹೆಂಗಸರು ಮಾಡೋ ಕೆಲಸ ದೇಶದ ಲೆಕ್ಕದಾಗ ಯಾಕ ಬರಂಗಿಲ್ಲ ಅಂತ ನನ್ನ ಇಡೀ ಕ್ಲಾಸ್ ತಿಂದಿದ್ದಿ."

ಲಲಿತಾಳಿಗೆ ಅದು ಮರೆತೇ ಹೋಗಿತ್ತು. ಬೇರೆ ಯಾರದೋ ವಿಷಯ ಕೇಳುವವಳಂತೆ ಕೇಳಿದಳು. "ನಾನೇನ್ರಿ ಸರ್?"

"ನೀನ. ಹಂಗ ಬರೀತೀನಿ. ನಡೀತೈತಿಲ್ಲೋ?"

"ನಡೀತೈತ್ರಿ."

ಮನೆಗೆ ಬಂದಾಗ ಸರ್ ಪತ್ರಕ್ಕೆ ಮುದ್ರೆ ಒತ್ತಿಟ್ಟು ಕಾಯುತ್ತಿದ್ದರು. ಅವಳು ಒಲೆಯ ಮೇಲೆ ಅನ್ನಕ್ಕಿಟ್ಟು, ಮಕ್ಬುಲಸಾಬ ಸರ್ ಪತ್ರ ಬರೆದುಕೊಡಲು ಒಪ್ಪಿದ್ದಾರೆಂದು ಹೇಳಿದಳು. ತಮ್ಮ ಪತ್ರಕ್ಕೆ ಏನು ಕಡಿಮೆಯಾಗಿದೆ ಎಂದು ಸರ್ ಕೇಳಿದರು.

"ನಿಮ್ಮದೂ ಛಲೋ ಐತ್ರಿ ಸರ್. ಸೊಸಿ ಹುಡುಕೋರಿಗೆ ಕೊಡಬಹುದು."

ಸರ್ ನಗಲಿಲ್ಲ. ಅವರೇನು ಬರೆಯುತ್ತಾರಂತೆ ಎಂದರು. ಜಗಳಗಂಟಿ ಅಂತ, ಎಂದಳು.

ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನನ್ನ ಕ್ಲಾಸಿನ್ಯಾಗ ಯಾಕ ಜಗಳ ಮಾಡ್ಲಿಲ್ಲ ನೀ?"

ನೀವು ನೋಟ್ಸ್ ಬರೆಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು ಎನ್ನಬಹುದಿತ್ತು. ಅಷ್ಟಕ್ಕೇ ಸರ್ ಸಮಾಧಾನವಾಗಿ ಎದ್ದು ಹೋಗುತ್ತಿದ್ದರು. ಆದರೆ ಅದು ಪೂರ್ತಿ ಉತ್ತರವಾಗಿರಲಿಲ್ಲ.

"ಕುಂದರ್ರಿ, ಹೇಳ್ತೀನಿ," ಎಂದಳು. ಅರ್ಧ ಬೆಂದ ಅನ್ನದ ಕೆಳಗಿನ ಉರಿ ಆರಿಸಿ ಬಂದು, ಅವರ ಎದುರಿನ ಕುರ್ಚಿಯಲ್ಲಿ ಕೂತಳು.