ಔಷಧಿ ಅಂಗಡಿಯೊಳಗೆ ಹಾದುಹೋದ ರಸ್ತೆ

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಎಲ್ಲರೂ ಕಂಡಿರುತ್ತಾರೆ. ಈ ಗಡಿಯಾರ ರಿಪೇರಿಯವನು ಕಲ್ಲು ಸಿಗುವವರೆಗೂ ಮೊಸರನ್ನು ಬಿಡುತ್ತಿರಲಿಲ್ಲ. ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪು ಹೆಕ್ಕುವ ಕಸುಬು; ಆ ಕಣ್ಣು ಅಂಗಡಿ ಮುಚ್ಚಿದ ಮೇಲೂ ಮುಚ್ಚುತ್ತಿರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಊರಿನ ನಕ್ಷೆ ನೋಡುತ್ತ ಕೂರುತ್ತಿದ್ದ. ಅದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರೂ ಸೇರಿ ಇಂಟರ್‌ನೆಟ್ಟಿನಲ್ಲಿ ಬಿಡಿಸುವ ನಕ್ಷೆ. ಸಂಬಳವಿಲ್ಲ, ಸನ್ಮಾನವಿಲ್ಲ, ಮನಸ್ಸಿದ್ದವರು ತಮಗೆ ಗೊತ್ತಿರುವ ರಸ್ತೆ, ಬಾವಿ, ಬೆಂಚು ಸೇರಿಸಬಹುದು. ಹೊಸಬರು ಬಿಡಿಸಿದ್ದನ್ನು ಹಳಬನೊಬ್ಬ ನೋಡಿ, ತಪ್ಪಿದ್ದರೆ ಕೆಳಗೆ ಎರಡು ಮಾತು ಬರೆದು ತಿಳಿಸಬೇಕು. ತಿದ್ದುವುದನ್ನು ಅವರಿಗೇ ಬಿಡಬೇಕು. ಈ ಊರಿನ ಮಟ್ಟಿಗೆ ಆ ಹಳಬ ಇವನು. ಅಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಇವನದು ‘ಭೂತಗನ್ನಡಿ’.

ಆ ಎರಡು ಮಾತು ಹೇಗಿರುತ್ತಿತ್ತೆಂದರೆ, ಉದ್ಯಾನದ ಬೆಂಚುಗಳನ್ನು ಸೇರಿಸಿದ ಟೀಚರಮ್ಮನಿಗೆ, ‘ಬೆಂಚು ಮರದ ಮೇಲಿದೆ. ಕೂರುವವರು ಕೋತಿಗಳೋ?’ ಎಂದು ಬರೆದಿದ್ದ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರದಲ್ಲಿ ನೀಲಿ ಟಾರ್ಪಾಲನ್ನು ಕಂಡು ಕೊಳವೆಂದುಕೊಂಡ ಹಲ್ಲಿನ ಡಾಕ್ಟರಿಗೆ, ‘ಇಳಿದು ಈಜಿ ತೋರಿಸಿ’ ಎಂದಿದ್ದ. ಟೀಚರಮ್ಮ, ‘ನಿಮ್ಮ ನಕ್ಷೆ ನೀವೇ ಇಟ್ಟುಕೊಳ್ಳಿ’ ಎಂದು ಬರೆದು ಹೋದರು. ಡಾಕ್ಟರು ಅಷ್ಟನ್ನೂ ಬರೆಯಲಿಲ್ಲ. ಇವನು ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು, ಕಷ್ಟವೇ ಅದು. ತಪ್ಪು ಹೇಳುವವನ ಜೊತೆ ಜಗಳವಾಡಬಹುದು. ಸದಾ ಸರಿ ಹೇಳುವವನ ಎದುರು ಜಾಗ ಖಾಲಿ ಮಾಡುವುದೊಂದೇ ದಾರಿ.

ಹಾಗೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿ, ಊರಿನ ನಕ್ಷೆಗೆ ಇವನೊಬ್ಬನೇ ಗತಿಯಾಗಿದ್ದಾಗ ‘ಡಬಲ್ ಹಾರ್ನ್’ ಎಂಬ ಹೊಸಬರು ಬಂದರು. ಅವರು ಬೇರೆ ಯಾರೂ ಅಲ್ಲ, ಇವನ ಮಾವ. ಹೆಂಡತಿಯ ತಂದೆ.

ಮಾವ ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಸೊಂಟದ ಆಪರೇಷನ್ ಆದ ಮೇಲೆ ಮಗಳ ಮನೆಗೆ, ಅಂದರೆ ಅಂಗಡಿಯ ಮೇಲಿನ ಮಹಡಿಗೆ, ಬಂದಿದ್ದರು. ಮೂಳೆ ಕೂಡಿತು, ಮನಸ್ಸು ಕೂಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು; ಊಟಕ್ಕೆ ಕರೆದರೆ “ಆಮೇಲೆ” ಎನ್ನುತ್ತಿದ್ದರು. ಹೀಗೇ ಮಲಗಿದ್ದರೆ ಮತ್ತೆ ಏಳುವುದು ಕಷ್ಟ ಎಂದು ಆಪರೇಷನ್ ಮಾಡಿದ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವಳು ತಲೆ ಓಡಿಸಿ ಒಂದು ದಿನ ಟ್ಯಾಬ್ಲೆಟ್ಟಿನಲ್ಲಿ ನಕ್ಷೆ ತೆರೆದು ಅವರ ಕೈಗಿತ್ತಳು. “ನೋಡಪ್ಪಾ, ನೀನು ಬಸ್ ಓಡಿಸ್ತಿದ್ದ ದಾರಿಗಳು ಇದರಲ್ಲಿ ಅರ್ಧಂಬರ್ಧ ಇವೆ.” ಮುದುಕರು ಎದ್ದು ಕೂತರು. ಮಾರನೆಯ ದಿನ ಬೆಳಕು ಸಾಲದೆಂದು ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ನಡೆದೂಬಿಟ್ಟರು.

ಆ ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಸೌಟು ಹಿಡಿದುಕೊಂಡೇ ಆಜ್ಞೆ ಹೊರಡಿಸಿದಳು. “ನೋಡ್ರೀ, ಅದನ್ನ ಪರೀಕ್ಷೆ ಮಾಡೋರು ನೀವೇ ಅಂತ ಅಪ್ಪಂಗೆ ಗೊತ್ತಾಗಬಾರದು. ಅಳಿಯನ ಮುಂದೆ ತಪ್ಪು ಮಾಡೋದಕ್ಕಿಂತ ಮಲಗಿರೋದೇ ವಾಸಿ ಅನ್ನೋ ಜಾತಿ ಅವರು. ಇನ್ನು ನಿಮ್ಮ ನಾಲಿಗೆ...”

“ನಾನು ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ.”

“ಅದೇ ಬೇಡ ಅಂತಿರೋದು. ಏನು ಬರೆದ್ರೂ ಮೊದಲು ನನಗೆ ತೋರಿಸಿ.”

ಮಾವನ ರಸ್ತೆಗಳನ್ನು ನೋಡಿ ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಎಲ್ಲ ಮೂಲೆಗಳಲ್ಲೂ ರಸ್ತೆ ಹೊಟ್ಟೆ ಬಿಟ್ಟಿತ್ತು. ನೇರವಾಗಿ ಬಂದು ಬಲಕ್ಕೆ ತಿರುಗಬೇಕಾದದ್ದು ಮೊದಲು ಎಡಕ್ಕೆ ಉಬ್ಬಿ, ಯಾರದೋ ಅಂಗಳ ತುಳಿದು, ಆಮೇಲೆ ಬಲಕ್ಕೆ ಹೊರಳುತ್ತಿತ್ತು. ಅವನ ಅಂಗಡಿಯೆದುರಿನ ತಿರುವಿನಲ್ಲಂತೂ ರಸ್ತೆ ಔಷಧಿ ಅಂಗಡಿಯ ಮುಂಬಾಗಿಲಿನಿಂದ ನುಗ್ಗಿ, ಕೌಂಟರ್ ದಾಟಿ, ಪಕ್ಕದ ಗೋಡೆಯಿಂದ ಹೊರಬಿದ್ದಿತ್ತು.

‘ಇದು ರಸ್ತೆಯೋ, ಅಜೀರ್ಣವಾದ ಹಾವೋ?’ ಎಂದು ಅವನು ಬರೆದ. ಹೆಂಡತಿ ಅಳಿಸಿದಳು. ಅವನು ಇನ್ನೊಂದು ಬರೆದ; ಅದನ್ನೂ ಅಳಿಸಿದಳು. ಕೊನೆಗೆ ಗಂಡಹೆಂಡಿರ ಜಂಟಿ ಕೃತಿಯೊಂದು ಹುಟ್ಟಿತು: ‘ಮಾನ್ಯರೇ, ತಮ್ಮ ರಸ್ತೆ ಬಹಳ ಸುಂದರವಾಗಿದೆ. ಔಷಧಿ ಅಂಗಡಿಯ ಬಳಿ ಮಾತ್ರ ಸ್ವಲ್ಪ, ಬಹಳ ಸ್ವಲ್ಪ, ಒಳಗೆ ಹೋದಂತೆ ಕಾಣುತ್ತದೆ. ಪುರುಸೊತ್ತಾದಾಗ ನೋಡುವಿರಾ?’ ಇಷ್ಟು ಬರೆಯುವುದರೊಳಗೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಸುಸ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕರೆ ಬಂತು. “ಅಳಿಯಂದ್ರೇ, ಒಂಚೂರು ಬರ್ತೀರಾ?”

ಹೋದ. ಮಾವನ ಮುಂದೆ ಕೂರುವ ವಾಡಿಕೆಯಿಲ್ಲ, ನಿಂತುಕೊಂಡ.

“ಇಲ್ಲಿ ಯಾರೋ ಭೂತಗನ್ನಡಿ ಅಂತೆ. ಹೆಂಗೆ ಬೆಣ್ಣೆ ಹಚ್ಚಿದಾನೆ ನೋಡಿ! ಹಚ್ಚಿ ಹಚ್ಚಿ ಕೊನೇಲಿ ಕತ್ತಿ ಹಾಕ್ತಾನೆ. ಬಿಡಬಾರದು ಇವನನ್ನ. ನನ್ನ ಬೆರಳು ದಪ್ಪ, ಒಂದು ಒತ್ತಿದ್ರೆ ಮೂರು ಅಕ್ಷರ ಬೀಳ್ತವೆ. ನಾನು ಹೇಳ್ತೀನಿ, ನೀವು ಬರೀರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಕೊರಳಲ್ಲಿ ನೇತಾಡುತ್ತಿದ್ದ ಮಸೂರವನ್ನು ತಟ್ಟನೆ ಅಂಗಿಯೊಳಕ್ಕೆ ತಳ್ಳಿದ.

“ಬರೀರಿ: ಸ್ವಾಮೀ, ತಾವು ಜನ್ಮದಲ್ಲಿ ಒಂದು ಬಸ್ಸು ತಿರುಗಿಸಿದ್ದೀರಾ? ಮೂಲೇಲಿ ಅಗಲವಾಗಿ ತಗೊಳ್ದೆ ಇದ್ರೆ ಹಿಂದಿನ ಚಕ್ರ ಚರಂಡಿಗೆ ಹೋಗುತ್ತೆ.”

ಆಗ ಅವನಿಗೆ ಅರ್ಥವಾಯಿತು. ಮಾವ ರಸ್ತೆಯನ್ನು ಬಿಡಿಸುತ್ತಲೇ ಇರಲಿಲ್ಲ. ಗಾಜಿನ ಮೇಲೆ ಬೆರಳಿನಿಂದ ಬಸ್ಸು ಓಡಿಸುತ್ತಿದ್ದರು. ಬಸ್ಸಿನ ಮೂತಿ ಹೋದಲ್ಲೆಲ್ಲ ರಸ್ತೆ ಹೋಗಿತ್ತು. ಡ್ರೈವರನ್ನು ಬಿಟ್ಟು ಇನ್ನಾರೂ ಈ ತಪ್ಪು ಮಾಡಲಾರರು. ಅವನಿಗೆ ನಗು ಒತ್ತರಿಸಿಕೊಂಡು ಬಂತು, ಆದರೆ ಮಾವನ ಮುಂದೆ ನಗುವ ವಾಡಿಕೆಯೂ ಇರಲಿಲ್ಲ.

“ಯಾಕೋ ಖಾರ ಸಾಲದು. ನೀವೇ ಏನಾದ್ರೂ ಸೇರಿಸಿ ಅಳಿಯಂದ್ರೇ.”

ಕೈಗೆ ಬಂದ ಕೆಲಸವನ್ನು ಅರೆಬರೆ ಮಾಡಿ ಗೊತ್ತಿಲ್ಲದವನು. ಯೋಚಿಸಿ ಸೇರಿಸಿದ: ‘ನಾಲ್ಕು ಗೋಡೆಯೊಳಗೆ ಕೂತು ಕೊಂಕು ತೆಗೆಯುವವರಿಗೆ ರಸ್ತೆಯ ಸಂಗತಿ ಹೇಗೆ ತಿಳಿಯಬೇಕು?’

“ಹಾಂ! ಮಾತು ಅಂದ್ರೆ ಇದು!” ಎಂದು ಮಾವ ಒಳ್ಳೆಯ ಕಡೆಯ ತೊಡೆ ತಟ್ಟಿಕೊಂಡರು.

ಅವನು ಕೆಳಗಿಳಿದು ಬಂದು ಅಂಗಡಿಯಲ್ಲಿ ಕೂತು ಅದನ್ನೇ ಓದಿದ. ತಾನೇ ಬರೆದದ್ದು, ಕಾಗುಣಿತ ತಿದ್ದಿದ್ದೂ ತಾನೇ. ಆದರೂ ಮೈಯೆಲ್ಲ ಉರಿಯಿತು.

ಇದೇ ದಿನಚರಿಯಾಯಿತು. ಬೆಳಿಗ್ಗೆ ಭೂತಗನ್ನಡಿಯಾಗಿ ಕೆಳಗಿನಿಂದ ನಯವಾಗಿ ಬೈಯುವುದು, ಸಂಜೆ ಡಬಲ್ ಹಾರ್ನ್ ಆಗಿ ಮೇಲಿನಿಂದ ಬೈಯುವುದು. ಮಾವನ ಕೆನ್ನೆ ತುಂಬಿಕೊಂಡಿತು. ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ರಸ್ತೆ ಮಾತ್ರ ಔಷಧಿ ಅಂಗಡಿಯೊಳಗೇ ಇತ್ತು.

ಒಂದು ದಿನ ಆ ಅಂಗಡಿಯವನೇ ಕೆಂಡದಂತಾಗಿ ಬಂದ. “ಏನಯ್ಯಾ ಇದು! ಪಾರ್ಸಲ್ ತಂದೋನು ಸ್ಕೂಟರ್ ಸಮೇತ ನಮ್ಮ ಮೆಟ್ಟಿಲು ಹತ್ತಿದ. ಕೇಳಿದ್ರೆ ದಾರಿ ಒಳಗೇ ಅಂತ ಫೋನು ಹೇಳ್ತಿದೆ ಅಂತಾನೆ. ನಕ್ಷೆ ಕಾಯೋನು ನಾನೇ ಅಂತ ಕೊಚ್ಚಿಕೊಳ್ತಿದ್ದೆಯಲ್ಲ, ಇದೇನಾ ಕಾಯೋದು?”

ಪಕ್ಕದ ಅಂಗಡಿಯವರೆಲ್ಲ ಕೇಳಿಸಿಕೊಂಡರು. ಅವನ ಕಿವಿ ಕೆಂಪಾಯಿತು. ಹೆಂಡತಿಗೆ ತೋರಿಸುವಷ್ಟು ತಾಳ್ಮೆ ಉಳಿಯಲಿಲ್ಲ. ‘ನಕ್ಷೆ ಆಟದ ಬಸ್ಸಲ್ಲ. ತಿಳಿಯದವರು ಕೈ ಹಾಕದಿದ್ದರೆ ಊರಿಗೇ ಉಪಕಾರ’ ಎಂದು ಬರೆದು ಕಳಿಸಿಯೇಬಿಟ್ಟ.

ಆ ಸಂಜೆ ಮೇಲಿನಿಂದ ಕರೆ ಬರಲಿಲ್ಲ. ಮಾರನೆಯ ದಿನ ಹೆಂಡತಿ ಅಂಗಡಿಗೆ ಇಳಿದು ಬಂದಳು. “ಅಪ್ಪ ಮತ್ತೆ ಗೋಡೆ ಕಡೆ ತಿರುಗಿದಾರೆ. ನಿನ್ನೆಯಿಂದ ಏನೂ ಮುಟ್ಟಿಲ್ಲ. ಏನ್ರೀ ಬರೆದ್ರಿ?” ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಓದಿ, ಸೀದಾ ಮೆಟ್ಟಿಲು ಹತ್ತಿ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬಿಚ್ಚಿಟ್ಟ ಗಡಿಯಾರವನ್ನು ಹಾಗೇ ಬಿಟ್ಟು ಅವನೂ ಮೇಲೆ ಹೋದ.

“ಅಳಿಯಂದ್ರಾ?” ಎಂದರು ಮಾವ, ತಿರುಗದೆಯೇ. “ಕೊನೇದೊಂದು ಬರೆದುಬಿಡಿ. ‘ನೀವು ಹೇಳಿದ್ದು ಸರಿ. ನನಗೆ ತಿಳಿಯಲ್ಲ. ಇನ್ಮೇಲೆ ಕೈ ಹಾಕಲ್ಲ.’ ಅಷ್ಟೇ. ಖಾರ ಏನೂ ಬೇಡ.”

ಅವನು ಟ್ಯಾಬ್ಲೆಟ್ ಎತ್ತಿಕೊಂಡು, ‘ನೀವು ಹೇಳಿದ್ದು ಸರಿ’ ಎಂದು ಬರೆದ. ಯಾರಾದರೂ ಒಬ್ಬರು ತನಗೆ ಇದನ್ನು ಬರೆಯಲಿ ಎಂದು ಎಷ್ಟು ವರ್ಷ ಕಾದಿದ್ದ! ಈಗ ಕಣ್ಣೆದುರಿಗಿತ್ತು, ನೋಡಲಾಗಲಿಲ್ಲ. ಅಳಿಸಿದ.

“ಮಾವ, ಆ ಭೂತಗನ್ನಡಿ ನಾನೇ.”

ಮಾವ ಸೊಂಟ ಹಿಡಿದುಕೊಂಡು ನಿಧಾನವಾಗಿ ಇತ್ತ ಹೊರಳಿದರು. “ಎಲ್ಲಾನೂ ನೀವೇ ಬರೆದದ್ದಾ?”

“ಎಲ್ಲಾನೂ.”

“ಮತ್ತೆ ಆ ನಾಲ್ಕು ಗೋಡೆ ಮಾತು?”

“ಅದು ನನಗೆ ನಾನೇ ಬೈದುಕೊಂಡದ್ದು.”

ಮುದುಕರ ಹೊಟ್ಟೆ ಕುಲುಕತೊಡಗಿತು. ನಕ್ಕರೆ ಸೊಂಟ ನೋಯುತ್ತಿತ್ತು, ನಗದಿರಲು ಆಗುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಅಳಿಯನ ಕಡೆ ನೋಡಿದರು.

“ಮಗಳನ್ನ ಕೊಟ್ಟು ಎಷ್ಟು ವರ್ಷ ಆಯ್ತು ಹೇಳು. ಊಟ ಆಯ್ತಾ ಮಾವ, ಮಾತ್ರೆ ತಗೊಂಡ್ರಾ ಮಾವ, ಅಷ್ಟು ಬಿಟ್ರೆ ನಿನ್ನ ಬಾಯಿಂದ ಇನ್ನೊಂದು ಮಾತು ಕೇಳಿಲ್ಲ ನಾನು. ಯಾರೋ ಪುಣ್ಯಾತ್ಮ ದಿನಾ ನನ್ನ ಜೊತೆ ಜಗಳ ಆಡ್ತಾನಲ್ಲ ಅಂತಿದ್ದೆ. ಇವತ್ತು ಏನು ಬರೆದಿದಾನೋ ನೋಡೋಣ ಅಂತಲೇ ಬೆಳಿಗ್ಗೆ ಏಳ್ತಿದ್ದದ್ದು.”

“ತಿಳಿಯದವರು ಅಂದದ್ದು ತಪ್ಪು ಮಾವ,” ಎಂದ ಅವನು. ತಪ್ಪು ಎಂಬ ಪದವನ್ನು ಅವನು ದಿನವೂ ಬಳಸುತ್ತಿದ್ದ. ತನ್ನ ಮೇಲೆ ಬಳಸಿದ್ದು ಮೊದಲ ಸಲ.

“ಮತ್ತೆ ರಸ್ತೆ?”

“ರಸ್ತೆ ಮಾತ್ರ ನಿಮ್ಮದೇ ತಪ್ಪು.”

“ಎಲಾ ಇವನ! ಎಬ್ಬಿಸು ನನ್ನ. ಬಾ, ಇಲ್ಲಿ ಕೂತ್ಕೊಂಡು ಹೇಳು, ಅದೆಂಥ ತಪ್ಪೋ ನೋಡೇಬಿಡ್ತೀನಿ.”

ಅವನು ಮಾವನನ್ನು ಎಬ್ಬಿಸಿ ಕೂರಿಸಿ, ಅದೇ ಮಂಚದ ತುದಿಯಲ್ಲಿ ತಾನೂ ಕೂತ. ಮಾವ ತಿರುವಿನ ಮೇಲೆ ಬೆರಳಿಟ್ಟರು, ಇವನು ಆ ಬೆರಳನ್ನು ಹಿಡಿದು ಪಕ್ಕಕ್ಕೆ ಎಳೆದ. ನೋಡುನೋಡುತ್ತಿದ್ದಂತೆ ಇಬ್ಬರ ದನಿಯೂ ಏರಿತು. “ಎಷ್ಟು ಸಲ ಹೇಳೋದು ಮಾವ ನಿಮಗೆ, ಬಿಡಿಸಬೇಕಾದ್ದು ಬಸ್ಸು ಹೋದ ಕಡೆ ಅಲ್ಲ, ರಸ್ತೆ ಇರೋ ಕಡೆ!” ಎಂದು ಅವನು ಕೂಗಿದ್ದು ಕೇಳಿ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. “ಅಯ್ಯೋ, ಏನ್ರೀ ಇದು! ಅಪ್ಪಾ...”

“ನೀನು ಮಧ್ಯ ಬರಬೇಡಮ್ಮ, ಈಗಷ್ಟೇ ಶುರುವಾಗಿದೆ,” ಎಂದರು ಅವಳಪ್ಪ, ಪರದೆಯಿಂದ ಕಣ್ಣು ತೆಗೆಯದೆ. “ಊಟ ಇಲ್ಲಿಗೇ ತಗೊಂಡು ಬಾ. ಇಬ್ಬರಿಗೂ.”