ತೋಳಕ್ಕಿಂತ ಮುಂಚಿನ ಮುಖ

ನಮ್ಮಣ್ಣ ಎರಡು ಚಿತ್ರಗಳಲ್ಲಿ ತೋಳಮನುಷ್ಯನಾಗಿ ಸತ್ತಿದ್ದ. ಮೊದಲನೆಯದರಲ್ಲಿ ಬೆಂಕಿಗೆ ಬಿದ್ದು ಬೂದಿಯಾದ, ಎರಡನೆಯದರಲ್ಲಿ ಸೇತುವೆಯಿಂದ ಬಿದ್ದು ಮುಳುಗಿದ. ಬೂದಿಯಾದವನು ಮುಳುಗುವುದಕ್ಕೆ ಎಲ್ಲಿಂದ ಬಂದ ಎಂದು ಯಾರೂ ಕೇಳಲಿಲ್ಲ. ಮೂರನೆಯ ಸಲ ಸಾಯಿಸಲು ದಾರಿ ತೋಚದೆ ಸ್ಟುಡಿಯೋದವರು ಕಥೆಯನ್ನೇ ಹಿಂದಕ್ಕೆ ಓಡಿಸಿದರು. ಲಾಟೀನು, ಕುದುರೆಗಾಡಿಗಳ ಕಾಲದಲ್ಲಿ ಅವನು ಯಾರಾಗಿದ್ದ, ಮನುಷ್ಯ ತೋಳವಾದದ್ದು ಹೇಗೆ ಎನ್ನುವುದೇ ಹೊಸ ಚಿತ್ರ.

“ತೋಳ ಆಗೋಕೆ ಮುಂಚೆ ಮನುಷ್ಯ ತಾನೆ? ಮನುಷ್ಯ ಅಂದ್ಮೇಲೆ ಮುಖ ಇರುತ್ತೆ ತಾನೆ?” ಎಂದು ಅಣ್ಣ ಬಾಗಿಲಲ್ಲೇ ನಿಂತು ಕೇಳಿದ. ಐವತ್ತೆಂಟರ ಮನುಷ್ಯ, ಶೂ ಬಿಚ್ಚುವುದನ್ನೂ ಮರೆತಿದ್ದ.

ಅವನ ಸಂಭ್ರಮ ನನಗೆ ಅರ್ಥವಾಯಿತು. ಎರಡು ಚಿತ್ರಗಳಲ್ಲೂ ಅವನ ಮುಖ ಒಂದು ಚೂರೂ ಕಂಡಿರಲಿಲ್ಲ. ಮುಚ್ಚಿದವಳು ನಾನೇ. ಸ್ಟುಡಿಯೋದಲ್ಲಿ ಕೂದಲು ಅಂಟಿಸುವುದು ನನ್ನ ಕೆಲಸ. ಕುದುರೆ ಕೂದಲು, ಮೇಕೆ ಕೂದಲು ಬಾಚಿ, ಗಲ್ಲದಿಂದ ಶುರುಮಾಡಿ ಹಣೆಯವರೆಗೆ ಹೆಂಚು ಹೊದಿಸಿದ ಹಾಗೆ ಸಾಲುಸಾಲಾಗಿ ಅಂಟಿಸಬೇಕು. ಅಂಟು ಒಣಗುವಾಗ ಚರ್ಮ ಎಳೆಯುತ್ತದೆ, ಬಿಡಿಸುವಾಗ ಸ್ಪಿರಿಟ್ ಉರಿಯುತ್ತದೆ. ಅಣ್ಣ ಒಂದು ದಿನವೂ ಉಸಿರೆತ್ತಿದವನಲ್ಲ.

ಅಷ್ಟೆಲ್ಲ ಸಹಿಸಿದ್ದು ಅಮ್ಮನಿಗಾಗಿ. ಅಪ್ಪನ ಹೊಲಿಗೆ ಅಂಗಡಿ ಬಿಟ್ಟು ಅಣ್ಣ ಬಣ್ಣ ಹಚ್ಚಲು ಹೊರಟ ದಿನ ಅಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಹೇಳಿದ್ದಳು: “ನಿನ್ನ ಮುಖ ಆ ಪರದೆ ಮೇಲೆ ನಾನು ಕಣ್ಣಾರೆ ನೋಡಿದ ದಿನ, ನೀನು ಮಾಡ್ತಿರೋದೂ ಒಂದು ಕೆಲಸ ಅಂತ ಒಪ್ಕೋತೀನಿ. ಅಲ್ಲೀವರೆಗೂ ನೀನು ಅಂಗಡಿ ಮುಚ್ಚಿಸಿದ ಮಗ, ಅಷ್ಟೇ.” ಅಮ್ಮ ಆಡಿದ ಮಾತು ಮರೆಯುವವಳಲ್ಲ. ಮೊದಲ ಚಿತ್ರಕ್ಕೆ ಕರೆದುಕೊಂಡು ಹೋದೆವು. ಜನ ಕಿರುಚಿದ ಕೂಡಲೇ ಶಾಲನ್ನು ಮುಖಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು, ದೀಪ ಹತ್ತುವವರೆಗೂ ಬಿಡಲಿಲ್ಲ. “ಯಾವುದೋ ನಾಯಿ ಬಂತಪ್ಪ. ನನ್ನ ಮಗ ಎಲ್ಲಿದ್ದ?” ಎಂದಳು. ಎರಡನೆಯದಕ್ಕೆ ಬರಲೇ ಇಲ್ಲ.

ಈಗ ಅವಳ ಒಂದು ಕಣ್ಣು ಹೋಗಿತ್ತು. ಇನ್ನೊಂದು ಹೆಚ್ಚೆಂದರೆ ಚಳಿಗಾಲದವರೆಗೆ ಎಂದು ಡಾಕ್ಟರು ಕೈಚೆಲ್ಲಿದ್ದರು. ದೊಡ್ಡದಾಗಿ, ಹತ್ತಿರದಲ್ಲಿ ಇದ್ದದ್ದು ಮಾತ್ರ ಕಾಣುತ್ತಿತ್ತು. ಅಣ್ಣನಿಗೆ ಇನ್ನೊಂದು ಅವಕಾಶ ಇರಲಿಲ್ಲ. ಅವಳ ಪಕ್ಕ ಕೂತು, “ಈ ಸಲ ಮುಖಾನೇ ಅಮ್ಮ” ಎಂದ. “ನೋಡೋಣ” ಎಂದು ಅಮ್ಮ ಮೂತಿ ತಿರುಗಿಸಿದಳು. ಆದರೆ ಮಾರನೆಯ ದಿನವೇ ತನ್ನ ಒಳ್ಳೆಯ ಶಾಲು ಹುಡುಕಿಸಿ ಒಗೆಸಿಟ್ಟಳು.

ಕಥೆ ಹಿಂದಕ್ಕೆ ಹೋಗಬಹುದು, ನಟ ಹಿಂದಕ್ಕೆ ಹೋಗಲಾರ. ಇಷ್ಟು ಸಣ್ಣ ವಿಷಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ ನೋಡಿ. ಮೇಕಪ್ ಕೋಣೆಗೆ ಹೋದರೆ ಅಣ್ಣನ ಕುರ್ಚಿಯಲ್ಲಿ ಒಬ್ಬ ಹೊಸ ಹೀರೋ ಕೂತು, ಕನ್ನಡಿಯಲ್ಲಿ ತನ್ನ ಮೂಗನ್ನು ಆ ಕಡೆಯಿಂದ ಒಮ್ಮೆ ಈ ಕಡೆಯಿಂದ ಒಮ್ಮೆ ನೋಡಿಕೊಳ್ಳುತ್ತಿದ್ದ. ಅವನಿಗೆ ನಾನಿಟ್ಟ ಹೆಸರು ಕನ್ನಡಿ. ಸಂಜೆಯೊಳಗೆ ಸ್ಟುಡಿಯೋದವರೆಲ್ಲ ಹಾಗೇ ಕರೆಯತೊಡಗಿದ್ದರು.

“ಮೊದಲ ಚಿತ್ರಕ್ಕಿಂತ ಮುಂಚಿನ ಕಥೆ ಕಣಪ್ಪ ಇದು,” ಎಂದ ನಿರ್ದೇಶಕ, ಅಣ್ಣನ ಹೆಗಲ ಮೇಲೆ ಕೈ ಹಾಕಿ. “ಆಗ ಅವನಿಗೆ ಇಪ್ಪತ್ತೈದು. ನಿನ್ನ ಮುಖ ಹೇಗೆ ತೋರಿಸ್ಲಿ ಹೇಳು? ತೋಳ ನೀನೇ. ನಿನ್ನ ಹಾಗೆ ಊಳಿಡೋರು ಯಾರಿದಾರೆ?”

ಅಣ್ಣ ನಕ್ಕು ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಬೈದುಬಿಡೋ ಎಂದು ಕಣ್ಣಲ್ಲೇ ಹೇಳಿದೆ. ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಕಡೆಗೆ ಗಲ್ಲ ಎತ್ತಿದ, ಅಂಟು ಹಚ್ಚು ಅನ್ನುವ ಹಾಗೆ. ಅಮ್ಮನಿಗೆ ಇದನ್ನು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಮನುಷ್ಯ ತೋಳವಾಗುವ ದೃಶ್ಯವನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ತೆಗೆಯುವುದು ತಲೆಕೆಳಗಾಗಿ. ಮುಖದ ತುಂಬ ಕೂದಲು ಅಂಟಿಸಿ, ತಲೆ ಅಲುಗದಂತೆ ಪ್ಲಾಸ್ಟರಿನ ಅಚ್ಚಿನಲ್ಲಿ ಮಲಗಿಸಿ, ಕ್ಯಾಮೆರಾವನ್ನು ಬಿಗಿದು ನಿಲ್ಲಿಸುತ್ತಾರೆ. ಹಣೆಯಿಂದ ಒಂದು ಸಾಲು ಬಿಡಿಸಬೇಕು, ಸ್ವಲ್ಪ ಫಿಲ್ಮ್ ಓಡಿಸಬೇಕು. ಮತ್ತೊಂದು ಸಾಲು, ಮತ್ತೆ ಸ್ವಲ್ಪ. ಆಮೇಲೆ ಹಿಂದುಮುಂದಾಗಿ ಓಡಿಸಿದರೆ ಬರಿಮುಖದ ಮೇಲೆ ತೋಳ ಬೆಳೆಯುತ್ತದೆ. ಬೆಳಗಿನಿಂದ ಅಣ್ಣ ಆ ಅಚ್ಚಿನಲ್ಲಿ ಹೆಣದಂತೆ ಮಲಗಿದ್ದ, ಬಾಯಿಗೆ ನೀರನ್ನು ನಾನೇ ಚಮಚದಲ್ಲಿ ಬಿಡುತ್ತಿದ್ದೆ.

ಹಣೆ ಬಯಲಾಗಿ ಹುಬ್ಬು ಕಾಣುತ್ತಿದ್ದಂತೆ ನಿರ್ದೇಶಕ, “ಸಾಕು. ಇಲ್ಲಿಂದಾಚೆಗೆ ಕನ್ನಡಿ ಮುಖ. ನಾಳೆ ಅವನನ್ನ ಮಲಗಿಸಿ ಉಳಿದದ್ದು ತೆಗೆಯೋಣ” ಎಂದು ಎದ್ದು ಹೋದ. ಕ್ಯಾಮೆರಾದವರು ಏಳಲಿಲ್ಲ. ಮೊದಲ ಚಿತ್ರದಿಂದಲೂ ಅಣ್ಣನನ್ನು ಕೂದಲಿನ ಮೂಲಕವೇ ನೋಡಿಕೊಂಡು ಬಂದವರು ಅವರು.

“ಫಿಲ್ಮ್ ಇನ್ನೂ ಇದೆ,” ಎಂದರು ಮೆಲ್ಲಗೆ.

ಕಣ್ಣಿನ ಕೆಳಗಿನ ಸಾಲು, ಕೆನ್ನೆ, ಮೂಗಿನ ಪಕ್ಕ, ತುಟಿ, ಗಲ್ಲ, ಒಂದೊಂದಾಗಿ ಎಲ್ಲ ಬಿಡಿಸಿದೆ. ಕೊನೆಗೆ ಏನೂ ಉಳಿಯಲಿಲ್ಲ. “ಅಮ್ಮನ್ನ ನೋಡೋ ಹಾಗೆ ನೋಡು,” ಎಂದೆ. ಅಣ್ಣ ನೋಡಿದ. ಫಿಲ್ಮ್ ಮುಗಿಯುವವರೆಗೂ ಕ್ಯಾಮೆರಾ ಓಡಿತು.

ಮರುದಿನ ಕನ್ನಡಿ ಅಚ್ಚಿನಲ್ಲಿ ತಲೆಯಿಟ್ಟು ಎರಡು ಸಾಲು ಅಂಟು ಬೀಳುವಷ್ಟರಲ್ಲಿ ಚರ್ಮ ಹಾಳಾಯಿತೆಂದು ರಂಪ ಮಾಡಿ ಎದ್ದುಹೋದ. ದಿಕ್ಕು ಕಾಣದೆ ಕೂತ ನಿರ್ದೇಶಕನಿಗೆ ಕ್ಯಾಮೆರಾದವರು ನಮ್ಮ ಫಿಲ್ಮ್ ಹಾಕಿ ತೋರಿಸಿದರು. ಅವನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. “ಅಯ್ಯಪ್ಪ! ಹುಡುಗ ಮೊದಲು ಮುದುಕ ಆಗ್ತಾನೆ, ಆಮೇಲೆ ತೋಳ. ತೋಳಕ್ಕಿಂತ ಇದೇ ಭಯಂಕರ ಕಣ್ರೀ. ಪರದೆ ತುಂಬ ಹಾಕಿ!” ನಾನು ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ. ಪರದೆ ತುಂಬ ನಮ್ಮಣ್ಣ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಚಿತ್ರ ಬಿಡುಗಡೆಯಾದಾಗ ಮಧ್ಯಾಹ್ನದ ಆಟಕ್ಕೆ ಮೊದಲ ಸಾಲಿನಲ್ಲೇ ಕೂತೆವು. ಅಮ್ಮ ಒಗೆದ ಶಾಲು ಹೊದ್ದಿದ್ದಳು. ಅಣ್ಣ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಅಪ್ಪ ಹೊಲಿದ ಕೋಟು ಹಾಕಿದ್ದ. “ನಾನು ಕೈ ಅದುಮಿದ ತಕ್ಷಣ ಕಣ್ಣು ಅಗಲಿಸಿ ನೋಡು. ಸ್ವಲ್ಪ ಹೊತ್ತು ಮಾತ್ರ ಬರ್ತಾನೆ,” ಎಂದು ಅಮ್ಮನಿಗೆ ಪಾಠ ಹೇಳಿಕೊಟ್ಟಿದ್ದೆ.

ಪರದೆಯ ಮೇಲೆ ಲಾಟೀನಿನ ಬೆಳಕಲ್ಲಿ ಕನ್ನಡಿ ಹಾಸಿಗೆಯ ಮೇಲೆ ಹೊರಳಾಡಿದ. ನಾನು ಕೈ ಅದುಮಿದೆ. ಅಣ್ಣನ ಮುಖ ಬಂತು. ಗೋಡೆಯಷ್ಟು ದೊಡ್ಡ ಮುಖ. ಸ್ಪಿರಿಟಿಗೆ ಕೆಂಪಗೆ ಸುಲಿದ ಕೆನ್ನೆ, ನೀರು ತುಂಬಿದ ಕಣ್ಣು, ಯಾರನ್ನೋ ಕರೆಯಲು ಹೊರಟಂತೆ ತೆರೆದ ಬಾಯಿ.

ಇಡೀ ಥಿಯೇಟರು ಕಿರುಚಿತು. ಎರಡು ಚಿತ್ರಗಳಲ್ಲಿ ತೋಳಕ್ಕೂ ಹಾಗೆ ಕಿರುಚಿರಲಿಲ್ಲ. ಅಮ್ಮನ ಕೈ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು, ಶಾಲು ಮುಖದ ಮೇಲೆ ಬಂತು. “ಅಮ್ಮ, ನೋಡು! ನೋಡೇ!” ಎಂದು ಶಾಲನ್ನು ಎಳೆದೆ. ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಗಲ್ಲದ ಮೇಲೆ ಮೊದಲ ಸಾಲು ಕೂದಲು ಬೆಳೆದಿತ್ತು. ಎದ್ದು ನಿಂತು, ಅದು ಬಣ್ಣ ಅಲ್ರೋ, ವೇಷ ಅಲ್ರೋ, ನಮ್ಮಣ್ಣ ಕಣ್ರೋ ಎಂದು ಅಷ್ಟೂ ಜನರ ಮೇಲೆ ಹರಿಹಾಯಬೇಕು ಅನ್ನಿಸಿತು. ಅಣ್ಣ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಅಮ್ಮನನ್ನು ನೋಡುತ್ತಿದ್ದ.

ಗಲಾಟೆ ಇಳಿದ ಮೇಲೆ ಶಾಲಿನೊಳಗಿಂದ ಅಮ್ಮ ಕೇಳಿದಳು: “ಹೋಯ್ತೇನೋ ಆ ನಾಯಿ?”

ಅಣ್ಣ ಶಾಲನ್ನು ಮೆಲ್ಲಗೆ ಇಳಿಸಿ ಅವಳ ಹೆಗಲ ಮೇಲೆ ಸರಿಮಾಡಿದ. “ಹೋಯ್ತಮ್ಮ.”

“ನೀನು ಯಾವಾಗ ಬರ್ತೀಯ?”

“ಇನ್ನೇನು ಬರ್ತೀನಿ,” ಎಂದ ಅಣ್ಣ.

ಅಮ್ಮ ಉಳಿದಿದ್ದ ಒಂದು ಕಣ್ಣನ್ನು ಅಗಲಿಸಿಕೊಂಡು, ಮುಂದಕ್ಕೆ ಬಾಗಿ ಕೂತಳು. ಆಮೇಲೆ ಜನ ಎಷ್ಟೇ ಕಿರುಚಿದರೂ ಚಿತ್ರ ಮುಗಿಯುವವರೆಗೆ ಅದನ್ನು ಮುಚ್ಚಲಿಲ್ಲ.