ಕೋಟಿನ ಎಡತೋಳು

ನಮ್ಮ ಆಫೀಸಿನಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಬಟ್ಟೆ ಹಾಕುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಲಿ ಎಂದೇ ನಾನು ಹಾಕುತ್ತಿದ್ದದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಪೈಕಿ ನಾನು. ಆ ಹೂವು ಕೂಡ ಇನ್ನೊಬ್ಬಳ ಜುಟ್ಟಿನಿಂದ ಬಿದ್ದದ್ದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ಇನ್ನೊಬ್ಬಳು ನನ್ನ ಪಕ್ಕದ ಮೇಜಿನವಳು. ಅವಳಿಗೆ ನಾನು ಮನಸ್ಸಿನಲ್ಲೇ ನವಿಲು ಎಂದು ಹೆಸರಿಟ್ಟಿದ್ದೆ. ನಮ್ಮದು ವಿಮಾ ಕಚೇರಿ. ಬಿದ್ದವರ, ಸುಟ್ಟುಕೊಂಡವರ, ಸತ್ತವರ ಕಾಗದಪತ್ರಗಳ ನಡುವೆ ಇವಳು ದಿನಕ್ಕೊಂದು ಬಣ್ಣ ಹಾಕಿಕೊಂಡು ಬಂದು ಕೂರುತ್ತಿದ್ದಳು. ಒಂದು ಬಟ್ಟೆ ನಾಲ್ಕು ಸಲ ಮೈಮೇಲೆ ಬಂದರೆ ಮುಗಿಯಿತು, ಅದರ ಆಯುಷ್ಯ ತೀರಿದ ಹಾಗೆ. ‘ಬೇಜಾರಾಯ್ತು ರೀ, ನಮ್ಮನೇಲಿ ಕೆಲಸ ಮಾಡೋ ಅಮ್ಮಂಗೆ ಕೊಟ್ಟುಬಿಟ್ಟೆ’ ಎನ್ನುತ್ತಿದ್ದಳು. ನಾನು ‘ಅಯ್ಯೋ, ಒಳ್ಳೇ ಬಟ್ಟೆ ಅಲ್ವಾ’ ಎಂದು ನಾಲಿಗೆ ತುದಿಯಲ್ಲಿ ಲೊಚಗುಟ್ಟಿ, ಭಾನುವಾರದ ದಾರಿ ಕಾಯುತ್ತಿದ್ದೆ.

ಏಕೆಂದರೆ ಅವಳ ಮನೆಯಲ್ಲಿ ಕೆಲಸ ಮಾಡುವ ಆ ಅಮ್ಮ ನನ್ನ ಚಿಕ್ಕಮ್ಮ.

ಹೆತ್ತವಳು ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ನಾಲ್ಕು ಮನೆಯ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದಳು, ಸೂಜಿ ಹಿಡಿಯುವುದನ್ನು ಕಲಿಸಿದಳು. ನನಗೆ ಈ ಕೆಲಸ ಸಿಕ್ಕಿದಾಗ ನವಿಲು ಚಿಕ್ಕಮ್ಮ ಕೆಲಸ ಮಾಡುವ ಮನೆಯವಳೆಂದು ಗೊತ್ತಾದದ್ದೇ ತಡ, ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ‘ಚಿಕ್ಕಮ್ಮ, ನಾನು ಯಾರು ಅಂತ ಅವರಿಗೆ ಹೇಳ್ಬೇಡ’ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ‘ಆಯ್ತು ಬಿಡು ಪುಟ್ಟಿ, ನಿನಗೆ ಯಾಕೆ ತೊಂದರೆ’ ಎಂದಳು. ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಲಿಲ್ಲ. ಅವಳ ಮಾತು ಗಟ್ಟಿಯಾದಷ್ಟೂ ನನ್ನ ಮುಖ ಸಣ್ಣದಾಗಬೇಕಿತ್ತು. ಆಗಲಿಲ್ಲ. ಪ್ರತಿ ಭಾನುವಾರ ಅವಳು ತಂದುಕೊಡುವ ನವಿಲಿನ ಬಟ್ಟೆ ಹೊಲಿಯುತ್ತಾ ಕೂತೆ.

ಹಳೇ ಬಟ್ಟೆಯನ್ನು ಹೊಸದು ಮಾಡುವುದು ಏನೂ ಬ್ರಹ್ಮವಿದ್ಯೆಯಲ್ಲ, ತಾಳ್ಮೆ ಬೇಕು ಅಷ್ಟೆ. ಮೊದಲು ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಬೇಕು. ಒಗೆದು, ಇಸ್ತ್ರಿ ಮಾಡಿ, ಬಟ್ಟೆಯನ್ನು ಮಗುಚಿದರೆ ಒಳಮೈಗೆ ಬಿಸಿಲು ತಾಗಿರುವುದಿಲ್ಲ, ಬಣ್ಣ ಹಾಗೇ ಇರುತ್ತದೆ. ಕಾಲರು ತೆಗೆದು ಕುತ್ತಿಗೆ ದುಂಡಗೆ ಮಾಡಿ, ಗುಂಡಿ ಬದಲಾಯಿಸಿ, ತೋಳು ಮೊಣಕೈಗೆ ನಿಲ್ಲಿಸಿದರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಹರಿದ ಬೆಲ್ಟು ಚೀಲದ ಹಿಡಿಯಾಗುತ್ತದೆ, ದಾರ ಕಿತ್ತ ಸರದ ಮಣಿಗಳು ಚಪ್ಪಲಿಯ ಪಟ್ಟಿಗೆ ಬರುತ್ತವೆ. ನವಿಲಿನ ನೀಲಿ ಟಾಪನ್ನು ಹಾಗೆ ಮಗುಚಿ ಹೊಲಿದು, ಅವಳ ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದೆ. ಅವಳು ಬಟ್ಟೆಯ ತುದಿ ಹಿಡಿದು, ‘ಎಲ್ಲಿ ತಗೊಂಡ್ರಿ? ನನ್ನ ಹತ್ರ ಇಷ್ಟು ಚೆನ್ನಾಗಿರೋದು ಒಂದೂ ಇಲ್ಲ’ ಎಂದಳು. ಆವತ್ತು ನಾನು ನಕ್ಕ ನಗು ಈಗ ನೆನಪಾದರೆ ಮೈಯೆಲ್ಲ ಚುರುಗುಟ್ಟುತ್ತದೆ.

ಆಫೀಸಿನ ವಾರ್ಷಿಕೋತ್ಸವಕ್ಕೆ ಮ್ಯಾನೇಜರಿಗೆ ಒಂದು ಹುಚ್ಚು ಹತ್ತಿತು. ಮನೆಯಲ್ಲಿರುವ ಹಳೇ ಬಟ್ಟೆಯಿಂದ ಏನಾದರೂ ಮಾಡಿ ಎಲ್ಲರೂ ಹಾಕಿಕೊಂಡು ಬರಬೇಕು, ಚೆನ್ನಾಗಿದ್ದವರಿಗೆ ಬಹುಮಾನ. ಆಫೀಸು ತುಂಬ ಅದೇ ಮಾತು. ಐದು ನಿಮಿಷದಲ್ಲಿ ಜೀನ್ಸಿನಿಂದ ಚೀಲ, ಸೂಜಿಯೇ ಇಲ್ಲದೆ ಶರ್ಟಿನಿಂದ ಸ್ಕರ್ಟು ಎಂದು ಫೋನಿನಲ್ಲಿ ವೀಡಿಯೋ ನೋಡಿದ್ದೇ ನೋಡಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಯಿತು ನನ್ನ ಪಾಡು. ಅವರಿಗೆ ಒಂದು ದಿನದ ಆಟ, ನನಗೆ ಪ್ರತಿದಿನದ ಬಾಳು. ನನ್ನ ಕೈಚಳಕ ತೋರಿಸಿದರೆ ಬಹುಮಾನ ನನ್ನದೇ, ಆದರೆ ಮರುದಿನದಿಂದ ಎಲ್ಲರ ಕಣ್ಣೂ ನನ್ನ ಹೊಲಿಗೆಯ ಮೇಲೆ. ‘ನನಗೆ ಹೊಲಿಗೆ ಬರಲ್ಲಪ್ಪ’ ಎಂದು ಹೇಳಿ ಕೈ ತೊಳೆದುಕೊಂಡೆ.

ಆ ಭಾನುವಾರ ಚಿಕ್ಕಮ್ಮ ದೊಡ್ಡ ಚೀಲ ಹಿಡಿದು ಬಂದಳು. ಅದರೊಳಗೆ ನವಿಲಿನ ಗಂಡನ ಹಳೇ ಜೀನ್ಸು ಪ್ಯಾಂಟುಗಳು, ಅಂಚು ಹರಿದ ಒಂದು ಕೆಂಪು ಶಾಲು.

‘ಅಮ್ಮಾವ್ರಿಗೆ ಇದರಲ್ಲಿ ಒಂದು ಕೋಟು ಬೇಕಂತೆ ಪುಟ್ಟಿ. ಆಫೀಸಲ್ಲಿ ಏನೋ ಸ್ಪರ್ಧೆಯಂತಲ್ಲ. ನಿಮ್ಮ ಮಗಳು ಹೊಲೀತಾಳೆ ಅಂತಿದ್ರಲ್ಲ, ಕೇಳಿ ಅಂದ್ರು. ನಾನು ಹೂಂ ಅಂದುಬಿಟ್ಟೆ.’

‘ನಿನಗ್ಯಾರು ಹೂಂ ಅನ್ನೋಕೆ ಹೇಳಿದ್ದು?’

‘ಹೆಮ್ಮೆ ಅನ್ನಿಸ್ತು ಕಣೇ’ ಎಂದಳು. ಅಷ್ಟು ಹೇಳಿ, ತಪ್ಪು ಮಾಡಿದವಳ ಹಾಗೆ ಪಾತ್ರೆ ತೊಳೆಯಲು ಎದ್ದುಹೋದಳು.

ನಾನು ಹೊಲಿದೆ. ಪ್ಯಾಂಟಿನ ಕಾಲುಗಳನ್ನು ಸೀಳಿ ಬೆನ್ನು ಮಾಡಿದೆ, ಹಿಂಜೇಬುಗಳನ್ನು ಎದೆಗೆ ತಂದೆ, ಶಾಲಿನ ಒಳ್ಳೆಯ ಭಾಗವನ್ನು ಒಳಗೆ ಲೈನಿಂಗ್ ಕೊಟ್ಟು ಕಾಲರಿನ ಹತ್ತಿರ ಕೆಂಪು ಸ್ವಲ್ಪವೇ ಇಣುಕುವಂತೆ ಮಡಿಸಿದೆ. ಬಲತೋಳು ಕೂರಿಸಿದಾಗ ನನಗೇ ಮೆಚ್ಚುಗೆಯಾಯಿತು. ಆಗ ಚಿಕ್ಕಮ್ಮ ಅಡುಗೆಮನೆಯಿಂದಲೇ, ‘ಬಹುಮಾನ ಇದಕ್ಕೇ ಅಂತ ಅಮ್ಮಾವ್ರು ಈಗಲೇ ಹೇಳ್ತಾ ಇದ್ದಾರೆ’ ಎಂದಳು.

ನನ್ನ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಿತು. ಅವಳ ಎಂಜಲು ಬಟ್ಟೆ ನಾನು ಹಾಕಬೇಕು, ನನ್ನ ಕೈಯ ಕೆಲಸ ಅವಳು ಹಾಕಿಕೊಂಡು ‘ನಾನೇ ಹೊಲಿದೆ’ ಎಂದು ಮೆರೆಯಬೇಕು. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ನವಿಲು ಮತ್ತೇನು ಮಾಡುತ್ತದೆ, ಗರಿ ಬಿಚ್ಚುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಎಡತೋಳನ್ನು ಯಂತ್ರಕ್ಕೆ ಕೊಡಲಿಲ್ಲ. ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಹೊರಗಿನಿಂದ ಕಾಣದಂತೆ ಮಡಿಕೆ ಮುಚ್ಚಿದೆ. ತುದಿಗೆ ಗಂಟು ಕೂಡ ಹಾಕಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು. ಕೈ ಇಳಿಬಿಟ್ಟುಕೊಂಡಿದ್ದರೆ ನಿಲ್ಲುತ್ತದೆ, ಬಹುಮಾನಕ್ಕೆ ಕೈ ಚಾಚಿದರೆ ಬಿಚ್ಚಿಕೊಳ್ಳುತ್ತದೆ. ಚಿಕ್ಕಮ್ಮ ಅದನ್ನು ಮಗುವಿನ ಹಾಗೆ ಮಡಿಸಿ ಎತ್ತಿಕೊಂಡು ಹೋದಳು.

ವಾರ್ಷಿಕೋತ್ಸವದ ದಿನ ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಿದ್ದರು. ಕ್ಯಾಷಿಯರು ತನ್ನ ಹಳೇ ಟೈಗಳನ್ನೆಲ್ಲ ಅಂಟು ಹಾಕಿ ಜೋಡಿಸಿ ಮೇಲಂಗಿ ಮಾಡಿಕೊಂಡಿದ್ದ. ಅಂಟು ಪೂರ್ತಿ ಒಣಗಿರಲಿಲ್ಲ, ಕುರ್ಚಿಯೂ ಅವನ ಜೊತೆಗೇ ಎದ್ದುಬರುತ್ತಿತ್ತು. ನಾನು ಅದೇ ನೀಲಿ ಟಾಪು ಹಾಕಿಕೊಂಡಿದ್ದೆ. ಮ್ಯಾನೇಜರು ನನ್ನನ್ನು ನೋಡಿ ಜೋರಾಗಿ, ‘ಏನ್ರೀ, ಎಲ್ಲರೂ ಹಳೇದು ಹಾಕ್ಕೊಂಡು ಬಂದ್ರೆ ನೀವೊಬ್ರೇ ಹೊಸದು ಹಾಕ್ಕೊಂಡು ಬಂದಿದ್ದೀರಲ್ಲ! ಒಂದು ದಿನಕ್ಕಾದ್ರೂ ಬಡವರಾಗಬಾರದಾ?’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಇಡೀ ಹಾಲಿನಲ್ಲಿ ನಿಜವಾಗಿ ಹಳೇ ಬಟ್ಟೆ ಹಾಕಿಕೊಂಡವಳು ನಾನೊಬ್ಬಳೇ ಇದ್ದೆನೋ ಏನೋ.

ಆಮೇಲೆ ನವಿಲು ಬಂದಳು, ಕೋಟು ತೊಟ್ಟುಕೊಂಡು. ಅವಳ ಹಿಂದೆ, ಇರುವುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಚೀಲ ಎದೆಗವಚಿಕೊಂಡು ಚಿಕ್ಕಮ್ಮ. ಅವಳು ನನ್ನನ್ನು ನೋಡಿದಳು, ನೋಡಿದ ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದಳು. ಹೋಗಿ ನೀರಿನ ಡ್ರಮ್ಮಿನ ಪಕ್ಕ ಗೋಡೆಗೊರಗಿ ನಿಂತಳು. ಮಾತು ಕೊಟ್ಟಿದ್ದಳಲ್ಲ.

ಬಹುಮಾನ ಕೋಟಿಗೇ ಬಂತು. ಮ್ಯಾನೇಜರು ಮೈಕು ಕೊಟ್ಟು, ‘ಹೇಗೆ ಮಾಡಿದ್ರಿ ಹೇಳಿ’ ಎಂದರು.

‘ನನಗೆ ಗುಂಡಿ ಹಾಕೋಕೂ ಬರಲ್ಲ ಸಾರ್’ ಎಂದಳು ನವಿಲು. ‘ಇದನ್ನ ಹೊಲಿದಿದ್ದು ನಮ್ಮನೇಲಿ ಕೆಲಸ ಮಾಡೋ ಅಮ್ಮನ ಮಗಳು. ಆ ಹುಡುಗಿ ಎಷ್ಟು ಕರೆದ್ರೂ ಬರಲ್ಲ, ನಾಚಿಕೆಯಂತೆ. ಅದಕ್ಕೇ ಅವಳ ತಾಯಿನ ಕರ್ಕೊಂಡು ಬಂದೆ. ಬಹುಮಾನ ಅವರ ಕೈಗೇ ಕೊಡಿ. ಬನ್ನಿ ಅಮ್ಮ, ಮುಂದೆ ಬನ್ನಿ!’

ಬಲಗೈಯಲ್ಲಿ ಮೈಕು ಇತ್ತು. ಎಡಗೈ ಮುಂದೆ ಚಾಚಿ ಕರೆದಳು.

ಬಟ್ಟೆ ಹರಿದ ಸದ್ದು ಕೂಡ ಬರಲಿಲ್ಲ. ದಾರ ಮೆಲ್ಲಗೆ ಜಾರಿತು, ತೋಳು ಹೆಗಲಿನಿಂದ ಕಳಚಿ ಮೊಣಕೈಗೆ ಇಳಿಯಿತು. ಚಿಕ್ಕಮ್ಮ ಆಗ ಹಾಲಿನ ನಡುವೆ ಬಂದಿದ್ದಳು, ಮುಖದ ತುಂಬ ನಗು. ಮೊದಲು ಕ್ಯಾಷಿಯರು ನಕ್ಕ, ಆಮೇಲೆ ಎಲ್ಲರೂ. ‘ಕೆಲಸದವಳ ಮಗಳ ಹೊಲಿಗೆ ಅಲ್ವಾ, ಅಷ್ಟೇ ಬಾಳಿಕೆ!’ ಎಂದು ಯಾರೋ ಹಿಂದಿನಿಂದ ಹೇಳಿದರು. ನವಿಲಿನ ಮುಖ ಕೆಂಪಾಯಿತು. ನನಗೆ ಬೇಕಾಗಿದ್ದದ್ದು ಇದೇ, ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಚಿಕ್ಕಮ್ಮ ಆ ತೋಳನ್ನು ಹಿಡಿದು, ಒಳಗೆ ಬೆರಳು ಹಾಕಿ ಸವರಿ ನೋಡಿದಳು. ಸೂಜಿ ಹಿಡಿಯಲು ಕಲಿಸಿದ ಕೈಗೆ ಎಷ್ಟು ಹೊತ್ತು ಬೇಕು? ಬಲತೋಳನ್ನೂ ಮುಟ್ಟಿದಳು. ಅಲ್ಲಿ ಒತ್ತಾದ, ಗಟ್ಟಿಯಾದ ಹೊಲಿಗೆ. ತಲೆ ಎತ್ತಿ ಅಷ್ಟು ಜನರ ನಡುವೆ ನೇರ ನನ್ನನ್ನೇ ನೋಡಿದಳು. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರ್ಥವಾಗದೆ ನೋಡಿದಳು, ಅಷ್ಟೆ.

‘ತಪ್ಪು ನನ್ನದು ಅಮ್ಮಾವ್ರೇ’ ಎಂದಳು. ‘ಅವಳು ಇನ್ನೂ ಕಚ್ಚಾ ಹಾಕಿಟ್ಟಿದ್ಲು, ಮಷೀನು ಹಾಕಿರ್ಲಿಲ್ಲ. ನಾನೇ ಅವಸರ ಮಾಡಿ ಎತ್ಕೊಂಡು ಬಂದೆ. ಒಂದು ಸೂಜಿ ದಾರ ಸಿಕ್ಕಿದ್ರೆ ಈಗಲೇ ಹಾಕಿಕೊಡ್ತೀನಿ.’

ಹೊಲಿಗೆ ಬರಲ್ಲ ಎಂದರೂ, ಗುಂಡಿ ಕಿತ್ತುಬಂದರೆ ಇರಲಿ ಎಂದು ಸೂಜಿ ದಾರ ಇಟ್ಟುಕೊಳ್ಳುವವಳು ಆಫೀಸಿನಲ್ಲಿ ಯಾರು ಎಂದು ಎಲ್ಲರಿಗೂ ಗೊತ್ತು. ನವಿಲು ನನ್ನ ಕಡೆ ತಿರುಗಿದಳು. ನಾನು ಕೈಚೀಲದಿಂದ ಡಬ್ಬಿ ತೆಗೆದುಕೊಂಡು ಹೋದೆ. ಅಷ್ಟರಲ್ಲಿ ಚಹಾ ಬಂದು ಜನ ಅತ್ತ ಸರಿದರು. ಚಿಕ್ಕಮ್ಮ ಕೋಟನ್ನು ತೊಡೆಯ ಮೇಲೆ ಹಾಸಿಕೊಂಡು ಗೋಡೆ ಬದಿಯ ನೆಲದ ಮೇಲೆ ಕೂತಿದ್ದಳು. ಸೂಜಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ನೋಡಿದಳು. ಆಗಲಿಲ್ಲ.

‘ಮೇಡಂ, ಸ್ವಲ್ಪ ಪೋಣಿಸಿ ಕೊಡ್ತೀರಾ? ನನಗೆ ಕಣ್ಣು ಕಾಣಲ್ಲ’ ಎಂದಳು ನನಗೆ.

ತುತ್ತು ಮಾಡಿ ಉಣಿಸಿದವಳು ನನ್ನನ್ನು ಮೇಡಂ ಎಂದಳು. ಪೋಣಿಸಿ ಕೊಟ್ಟೆ. ಅವಳು ಹೊಲಿಯತೊಡಗಿದಳು. ಜೀನ್ಸು ದಪ್ಪ, ಸೂಜಿ ಇಳಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ, ಕಾಣದೆ ಎರಡು ಸಲ ಚುಚ್ಚಿಸಿಕೊಂಡಳು. ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಹೊಲಿದಳು. ನನಗೆ ಇನ್ನು ನೋಡಲಾಗಲಿಲ್ಲ. ಅವಳ ಪಕ್ಕ ನೆಲದಲ್ಲೇ ಕೂತು, ‘ಕೊಡು ಚಿಕ್ಕಮ್ಮ, ನಾನು ಹಾಕ್ತೀನಿ’ ಎಂದೆ.

ನವಿಲು ಕೇಳಿಸಿಕೊಂಡಳು. ಅವಳನ್ನೂ ನೋಡಿದಳು, ನನ್ನನ್ನೂ ನೋಡಿದಳು.

‘ಇವರು ನಿಮಗೆ ಏನಾಗಬೇಕು?’

ಬಾಯಿ ತೆರೆದೆ. ಒಂದು ಉಸಿರು ತಡವಾಯಿತು, ಅಷ್ಟೇ. ಅಷ್ಟರಲ್ಲಿ ಚಿಕ್ಕಮ್ಮನೇ ಹೇಳಿದಳು: ‘ಏನೂ ಆಗಬೇಕಿಲ್ಲ ಅಮ್ಮಾವ್ರೇ. ವಯಸ್ಸಾದವಳು ಅಂತ ಹಾಗೆ ಕರೆದ್ರು. ಒಳ್ಳೇ ಮನಸ್ಸು.’

ಆ ‘ಒಳ್ಳೇ ಮನಸ್ಸು’ ಎಂಬ ಮಾತು ನನ್ನನ್ನು ಚಪ್ಪಲಿಯಲ್ಲಿ ಹೊಡೆದಂತೆ ಹೊಡೆಯಿತು.

‘ಅಲ್ಲ’ ಎಂದೆ. ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು, ನೋಡಲಿ ಎಂದು ಇನ್ನೂ ಜೋರಾಗಿ ಹೇಳಿದೆ. ‘ನನ್ನನ್ನ ಸಾಕಿದವಳು ಇವಳು. ಈ ಕೋಟು ಹೊಲಿದ ಮಗಳು ನಾನೇ. ಆ ತೋಳಿನ ಕೆಲಸ ಬಾಕಿ ಇರ್ಲಿಲ್ಲ, ಬೇಕೂಂತಲೇ ಹಾಗೆ ಕಚ್ಚಾ ಹಾಕಿದ್ದು. ನಾನು ಹಾಕ್ಕೊಂಡಿರೋ ಈ ಬಟ್ಟೆನೂ ನಿಮ್ಮದೇ, ನೀವು ಕೊಟ್ಟಿದ್ದು.’

ಯಾರೂ ನಗಲಿಲ್ಲ. ನವಿಲು ನನ್ನ ನೀಲಿ ಟಾಪನ್ನು ನೋಡಿದಳು. ಆಮೇಲೆ ಬಗ್ಗಿ, ಮೆಲ್ಲಗೆ ಚಿಕ್ಕಮ್ಮನನ್ನು ಕೇಳಿದಳು: ‘ಹೌದಾ ಅಮ್ಮ? ಇವರೇನಾ ನಿಮ್ಮ ಮಗಳು?’

ಚಿಕ್ಕಮ್ಮ ಕೊನೆಯ ಹೊಲಿಗೆಗೆ ಗಂಟು ಹಾಕಿದಳು. ದಾರವನ್ನು ಹಲ್ಲಿನಿಂದ ಕಡಿದು, ತೋಳನ್ನು ಅಂಗೈಯಿಂದ ನೀವಿ ಸಪಾಟು ಮಾಡಿದಳು.

‘ನನ್ನ ಮಗಳು ಇಂಥ ಹೊಲಿಗೆ ಹಾಕೋಳಲ್ಲ ಅಮ್ಮಾವ್ರೇ’ ಎಂದಳು.

ಕೋಟನ್ನು ನವಿಲಿನ ಕೈಗೆ ಕೊಟ್ಟು, ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ ನನ್ನ ಮುಂದಿಟ್ಟಳು. ಅವಳನ್ನು ಎಬ್ಬಿಸಲು ನಾನು ಕೈ ಚಾಚಿದೆ. ಅವಳು ಗೋಡೆ ಹಿಡಿದುಕೊಂಡೇ ಎದ್ದಳು.